ಆಕ್ರೆ ಬ್ರೆಜಿಲ್‌ಗೆ ಹೋದದ್ದು ಹೇಗೆ?

ಬೊಲಿವಿಯಾದ್ದಾಗಿದ್ದ, ಈಗ ಬ್ರೆಜಿಲ್‌ನ ಒಂದು ರಾಜ್ಯವಾಗಿರುವ ಅಮೆಜಾನ್ ಕಾಡುಪ್ರದೇಶ ಆಕ್ರೆ ಬ್ರೆಜಿಲ್‌ಗೆ ಸೇರಿದ್ದು ಯುದ್ಧದಿಂದಲಾ, ದುಡ್ಡಿನಿಂದಲಾ ಎಂದು ಕೇಳಿದ್ದೀರಿ. ಎರಡೂ ಹೌದು. ಆದರೆ ಅದಕ್ಕೂ ಮೊದಲು ಬಂದದ್ದು ಬರಗಾಲ.

1877ರಿಂದ ಈಶಾನ್ಯ ಬ್ರೆಜಿಲ್‌ನಲ್ಲಿ ಭೀಕರ ಬರ. ಹೊಟ್ಟೆಪಾಡಿಗೆ ಹೊರಟ ಸಾವಿರಾರು ಜನ ಅಮೆಜಾನ್ ಕಾಡು ಹೊಕ್ಕು ರಬ್ಬರ್ ಇಳಿಸತೊಡಗಿದರು. ಬೆಳಗಾಗುವ ಮುಂಚೆಯೇ ಹೊರಟು, ತೊಗಟೆಯನ್ನು ಓರೆಯಾಗಿ ಗೀರಿ, ಕೆಳಗೆ ತಗಡಿನ ಬಟ್ಟಲು ಸಿಕ್ಕಿಸಬೇಕು. ಸಂಗ್ರಹಿಸಿದ ಹಾಲನ್ನು ಹೊಗೆಗೆ ಹಿಡಿದು ಪದರ ಪದರವಾಗಿ ದೊಡ್ಡ ಉಂಡೆ ಮಾಡಬೇಕು. ಅಕ್ಕಿ, ಉಪ್ಪು, ಚಾಕು ಎಲ್ಲವೂ ಧಣಿಯ ಅಂಗಡಿಯಿಂದ ಸಾಲಕ್ಕೆ. ಸಾಲ ತೀರುತ್ತಲೇ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳನ್ನಂತೂ ಬೇಟೆಯಾಡಿದಂತೆ ಕೊಂದು ಓಡಿಸಿದರು. ಇದನ್ನು ಬಿಟ್ಟು ಆಕ್ರೆ ಕಥೆ ಹೇಳುವುದು ಅನ್ಯಾಯ.

ಹೀಗೆ ಆಕ್ರೆಯಲ್ಲಿ ನೆಲೆಸಿದವರು ಬೊಲಿವಿಯಾ ವಿರುದ್ಧ ದಂಗೆ ಎದ್ದರು. 1903ರ ಪೆಟ್ರೊಪೊಲಿಸ್ ಒಪ್ಪಂದದಲ್ಲಿ ಬ್ರೆಜಿಲ್ 20 ಲಕ್ಷ ಪೌಂಡ್ ಕೊಟ್ಟು, ರೈಲು ಹಾಕಿಸುವ ಮಾತು ಕೊಟ್ಟು ಜಾಗ ಪಡೆಯಿತು.

ಆಮೇಲೆ ರಬ್ಬರ್ ಬೆಲೆ ಬಿತ್ತು. 1876ರಲ್ಲಿ ಹೆನ್ರಿ ವಿಕ್ಹ್ಯಾಮ್ ಎಂಬ ಇಂಗ್ಲಿಷರವ ಅಮೆಜಾನ್‌ನಿಂದ ಸಾಗಿಸಿದ ಬೀಜಗಳಿಂದ ಏಷ್ಯಾದಲ್ಲಿ ತೋಟಗಳು ಎದ್ದಿದ್ದವು. ನಮ್ಮ ಸುಳ್ಯದ ರಬ್ಬರ್ ಕೂಡ ಅದೇ ಅಮೆಜಾನ್ ಜಾತಿಯ ಮರ.

1970ರ ದಶಕದಲ್ಲಿ ದನ ಸಾಕುವ ದೊಡ್ಡ ಕುಳಗಳು ಬಂದು ಕಾಡು ಕಡಿಸಿದರು. ರಬ್ಬರ್ ಕೆಲಸಗಾರರು ಹೆಂಡತಿ ಮಕ್ಕಳ ಸಮೇತ ಗರಗಸಗಳ ಮುಂದೆ ನಿಂತರು. ಅವರ ನಾಯಕ ಚಿಕೊ ಮೆಂಡೆಸ್ ಅವರನ್ನು 1988ರ ಡಿಸೆಂಬರ್ 22ರಂದು ಆಕ್ರೆಯ ಶಾಪುರಿ ಊರಿನ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 1990ರಲ್ಲಿ ಅವರ ಹೆಸರಲ್ಲೇ ಮೀಸಲು ಕಾಡು ಆಯಿತು. ಜನ ಒಳಗೇ ಇದ್ದು ರಬ್ಬರ್, ಬ್ರೆಜಿಲ್ ನಟ್ ಸಂಗ್ರಹಿಸಬಹುದು. ಆದರೆ ಈಗ ಅದರೊಳಗೂ ಹುಲ್ಲುಗಾವಲು ಜಾಸ್ತಿ ಆಗುತ್ತಿದೆ.