ಎರಡು ಸಲ ಯೂರಿಯಾ ಹಾಕಿದರೂ ಭತ್ತ ಹಳದಿ: ಮೊದಲು ಕೆಸರು ನೋಡಿ

ಅಣ್ಣಾ, ನಿಮ್ಮ ಪ್ರಶ್ನೆ ಓದಿದೆ. ಹರಿಹರದ ಕಡೆ, ಭದ್ರಾ ನಾಲೆಯ ಕೊನೆ ಭಾಗದ ಗದ್ದೆ. ನಾಟಿಯಾಗಿ ತಿಂಗಳಾಗಿದೆ. ಎರಡು ಸಲ ಯೂರಿಯಾ ಎರಚಿದರೂ ಪೈರು ಅಲ್ಲಲ್ಲಿ ಹಳದಿ, ಕಾಲಿಟ್ಟರೆ ಕೊಳೆತ ಮೊಟ್ಟೆಯ ವಾಸನೆ. ಮೂರನೇ ಸಲ ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಚೀಲ ಹಾಗೇ ಇರಲಿ.

ನಿಮ್ಮ ಪ್ರಶ್ನೆಯ ಕೆಳಗೇ ಇನ್ನೊಬ್ಬರು ಒಂದು ಲೇಖನ ಹಾಕಿದ್ದಾರೆ. ಅಳಿವೆಯ, ಅಂದರೆ ನದಿ ಸಮುದ್ರ ಸೇರುವ ಜಾಗದ, ಕೆಸರಿನಲ್ಲಿ ಆಮ್ಲಜನಕ ಕಮ್ಮಿಯಾದರೆ ಸಾರಜನಕದ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆ ಅನ್ನೋ ವಿಷಯ. "ಸಮುದ್ರದ ಸುದ್ದಿ ದಾವಣಗೆರೆಗೆ ಯಾಕೆ" ಅಂತ ನಗೆಯ ಚಿಹ್ನೆ ಬೇರೆ. ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ನೀರು ನಿಂತ ಯಾವ ಕೆಸರೇ ಆಗಲಿ, ಗಾಳಿ ಇಳಿಯುವುದು ಮೇಲಿನ ಕೆಲವೇ ಮಿಲಿಮೀಟರ್. ಅದರ ಕೆಳಗೆ ಆಮ್ಲಜನಕ ಇಲ್ಲ. ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗುತ್ತದೆ. ಅಮೋನಿಯಂ ಜೇಡಿಗೆ ಅಂಟಿಕೊಂಡು ನಿಲ್ಲುತ್ತದೆ, ಭತ್ತಕ್ಕೂ ಅದೇ ಇಷ್ಟ. ತೊಂದರೆ ಆಗುವುದು ಮೇಲಿನ ತೆಳು ಪದರದಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಅಮೋನಿಯಂ ಅನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮಣ್ಣು ಹಿಡಿಯುವುದಿಲ್ಲ, ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಗೆ ಬೇರೆ ಗುಂಪಿನ ಜೀವಿಗಳಿವೆ. ಆಮ್ಲಜನಕ ಸಿಗದ ಕಾರಣ ಅವು ನೈಟ್ರೇಟನ್ನೇ ಉಸಿರಾಟಕ್ಕೆ ಬಳಸುತ್ತವೆ. ಕೊನೆಗೆ ಉಳಿಯುವುದು ಸಾರಜನಕ ಅನಿಲ. ಅದು ಗುಳ್ಳೆಯಾಗಿಯೋ ಕಣ್ಣಿಗೆ ಕಾಣದಂತೆಯೋ ಗಾಳಿ ಸೇರುತ್ತದೆ. ಜಪಾನಿನವರು 1930ರ ದಶಕದಲ್ಲೇ ಭತ್ತದ ಗದ್ದೆಯಲ್ಲಿ ಇದನ್ನು ಗುರುತಿಸಿದ್ದರು. ಗೊಬ್ಬರವನ್ನು ಮೇಲೆ ಎರಚದೆ ಕೆಸರಿನೊಳಗೆ ಸೇರಿಸಿ ಅನ್ನುವ ಸಲಹೆ ಅಲ್ಲಿಂದಲೇ ಬಂತು.

45 ಕೆಜಿ ಚೀಲದಲ್ಲಿ ಸಾರಜನಕ ಇರುವುದು ಸುಮಾರು 21 ಕೆಜಿ. ನೀರು ನಿಂತ ಗದ್ದೆಯಲ್ಲಿ ಸಾಮಾನ್ಯವಾಗಿ ಅದರ 30-40% ಮಾತ್ರ ಪೈರಿಗೆ ಸಿಗುತ್ತದೆ. ಹೋಗುವ ದಾರಿ ಇದೊಂದೇ ಅಲ್ಲ. ನಿಂತ ನೀರಲ್ಲಿ ಪಾಚಿ ಇದ್ದರೆ ಮಧ್ಯಾಹ್ನದ ಹೊತ್ತಿಗೆ ನೀರಿನ ಕ್ಷಾರ ಏರುತ್ತದೆ, ಆಗ ಅಮೋನಿಯಾ ನೇರವಾಗಿ ಆವಿಯಾಗುತ್ತದೆ.

ಈಗ ಅಳಿವೆಗೆ ಬರೋಣ. ಕುಮಟಾದ ಅಘನಾಶಿನಿ ಅಳಿವೆ ನೋಡಿರಬಹುದು. ಅಂಥ ಕಡೆ ನಮಗೆ ನಷ್ಟವಾದ ಇದೇ ಕೆಲಸ ಉಪಕಾರ. ನದಿ ಹೊತ್ತು ತಂದ ಸಾರಜನಕವನ್ನು ಕೆಸರಿನ ಜೀವಿಗಳು ಗಾಳಿಗೆ ಕಳಿಸಿ ನೀರನ್ನು ಹಗುರ ಮಾಡುತ್ತವೆ. ಏಡಿ, ಹುಳುಗಳು ತೋಡುವ ಬಿಲದಿಂದ ಗಾಳಿ ಆಳಕ್ಕೂ ಹೋಗಿ ಕೆಲಸ ಇನ್ನೂ ಜಾಸ್ತಿಯಾಗುತ್ತದೆ. ಗೊಬ್ಬರ, ಕೊಳಚೆ ಜಾಸ್ತಿ ಸೇರುವ ಅಳಿವೆಗಳ ಕತೆ ಬೇರೆ. ಅಮೆರಿಕದ ಚೆಸಾಪೀಕ್ ಕೊಲ್ಲಿ ಇದಕ್ಕೆ ಹೆಸರಾದದ್ದು. ಬೇಸಿಗೆಯಲ್ಲಿ ತಳದ ನೀರಿನ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದು ಖಾಲಿಯಾಗುತ್ತಾ ಬಂದಾಗ ಮೇಲಿನ ಪದರದ ಜೀವಿಗಳು ಕೈಚೆಲ್ಲುತ್ತವೆ. ನೈಟ್ರೇಟ್ ತಯಾರಾಗುವುದಿಲ್ಲ, ಕೆಳಗಿನವಕ್ಕೆ ಕೆಲಸವಿಲ್ಲ. ಕೊಳೆತ ಮೊಟ್ಟೆಯ ವಾಸನೆ ಕೊಡುವ ಗಂಧಕದ ವಿಷ, ಅಂದರೆ ಸಲ್ಫೈಡ್ ಏರಿ, ಉಳಿದ ಜೀವಿಗಳನ್ನೂ ಹಿಂಡುತ್ತದೆ. ಇದ್ದಬದ್ದ ನೈಟ್ರೇಟನ್ನು ಮತ್ತೊಂದು ಗುಂಪು ವಾಪಸ್ ಅಮೋನಿಯಂ ಮಾಡಿಬಿಡುತ್ತದೆ. ಅದು ನೀರಿಗೆ ಬಂದರೆ ಪಾಚಿಗೆ ಹಬ್ಬ. ಪಾಚಿ ಸತ್ತು ಕೊಳೆತರೆ ಇರುವ ಆಮ್ಲಜನಕವೂ ಖಾಲಿ.

ನಿಮ್ಮ ಗದ್ದೆಯಲ್ಲಿ ಸಾರಜನಕ ಗಾಳಿಗೆ ಹೋಗುವುದು, ಸಲ್ಫೈಡ್ ಏರುವುದು, ಇವೆರಡೂ ಒಟ್ಟಿಗೆ ನಡೆಯುತ್ತಿರಬಹುದು ಅಂತ ನನ್ನ ಅನುಮಾನ. ಒಂದು ಪ್ರಶ್ನೆ: ಹಳದಿ ಇರುವುದು ತಗ್ಗಿನಲ್ಲೋ, ದಿಣ್ಣೆಯಲ್ಲೋ?

ದಿಣ್ಣೆಯಲ್ಲಾದರೆ ಕಾರಣ ನಾಲೆಯ ಆನ್-ಆಫ್. ಕೊನೆ ಭಾಗಕ್ಕೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಣಗಿದಾಗ ಅಮೋನಿಯಂ ನೈಟ್ರೇಟ್ ಆಗುತ್ತದೆ, ನೀರು ಬಂದಾಗ ಅದು ಅನಿಲವಾಗಿ ಹೋಗುತ್ತದೆ. ಹಾಗಾಗಿ ನೀರು ಬರುವುದು ಖಾತ್ರಿಯಾಗದೆ ಯೂರಿಯಾ ಮುಟ್ಟಬೇಡಿ. ನೀರು ಬಸಿದು, ಹಸಿ ಕೆಸರಿನ ಮೇಲೆ ಎರಚಿ, ಸಾಧ್ಯವಾದರೆ ಕಳೆ ಯಂತ್ರ ಓಡಿಸಿ ಒಳಗೆ ಸೇರಿಸಿ. ಮರುದಿನ ತೆಳುವಾಗಿ ನೀರು ಕಟ್ಟಿ. ಆಮೇಲೆ ಒಂದಷ್ಟು ದಿನ ಒಣಗಲು ಬಿಡಬೇಡಿ. ಯೂರಿಯಾಕ್ಕೆ ಬೇವಿನ ಲೇಪ ಇದೆಯಲ್ಲ, ಅದು ನೈಟ್ರೇಟ್ ಮಾಡುವ ಜೀವಿಗಳನ್ನು ನಿಧಾನ ಮಾಡುತ್ತದೆ. ಆದರೆ ಎಂಟು-ಹತ್ತು ದಿನ ಒಣಗಿಸಿದರೆ ಬೇವನ್ನು ನಂಬಿ ಕೂರುವ ಹಾಗಿಲ್ಲ.

ತಗ್ಗಿನಲ್ಲಾದರೆ ಪೈರಿನ ನಾಲ್ಕು ಬುಡ ಕಿತ್ತು ಬೇರು ತೊಳೆದು ನೋಡಿ. ಭತ್ತ ತನ್ನ ಕಾಂಡದ ಗಾಳಿನಾಳದಿಂದ ಬೇರಿಗೆ ಆಮ್ಲಜನಕ ಇಳಿಸುತ್ತದೆ. ಬೇರು ಬೆಳ್ಳಗೋ, ತುಕ್ಕಿನ ಕೆಂಪಿನ ಹಾಗೋ ಇದ್ದರೆ ಅದು ಉಸಿರಾಡುತ್ತಿದೆ ಅಂತ ಅರ್ಥ. ಕಪ್ಪಗಾಗಿ ನಾರುತ್ತಿದ್ದರೆ ಸಲ್ಫೈಡ್ ಬೇರನ್ನು ಕೊಲ್ಲುತ್ತಿದೆ. ಆಗ ಯೂರಿಯಾ ಇದ್ದರೂ ಹೀರಲು ಬೇರೇ ಇಲ್ಲ. ನೀರು ಪೂರ್ತಿ ಬಸಿಯಿರಿ, ಕೂದಲೆಳೆ ಬಿರುಕು ಕಾಣುವವರೆಗೆ ಆರಲಿ. ಎರೆಮಣ್ಣಾದರೆ ಬಿರುಕು ದೊಡ್ಡದಾಗಲು ಬಿಡಬೇಡಿ, ಆಮೇಲೆ ಬಿಟ್ಟ ನೀರೆಲ್ಲ ಅದರೊಳಗೇ ಇಳಿದುಹೋಗುತ್ತದೆ. ಹೀಗೆ ಆರಿಸಿದಾಗ ಸ್ವಲ್ಪ ಸಾರಜನಕ ಹೋಗುವುದು ನಿಜ. ಹೋಗಲಿ, ಮೊದಲು ಬೇರು ಉಳಿಯಲಿ. ವಾಸನೆ ಇರುವ ಜಾಗಕ್ಕೆ ಅಮೋನಿಯಂ ಸಲ್ಫೇಟ್ ಅಂತೂ ಬೇಡ, ಅದರ ಗಂಧಕವೇ ಸಲ್ಫೈಡ್ ಆಗುತ್ತದೆ.

ಕಟಾವು ಯಂತ್ರ ಬಿಟ್ಟುಹೋದ ಹುಲ್ಲನ್ನು ಕೆಸರಿಗೆ ತುಳಿದು ಕೂಡಲೇ ನಾಟಿ ಮಾಡಿದ್ದೀರಾ? ಎರಡು ಬೆಳೆ ನಡುವೆ ಸಮಯ ಇರುವುದಿಲ್ಲ, ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಆದರೆ ಹಸಿ ಹುಲ್ಲು ಕೊಳೆಯುವಾಗ ಆಮ್ಲಜನಕವನ್ನೂ ತಿನ್ನುತ್ತದೆ, ಸಾರಜನಕವನ್ನೂ ಕಟ್ಟಿಹಾಕುತ್ತದೆ. ಮುಂದಿನ ಬೆಳೆಗೆ ನಾಟಿಗೆ ಎರಡು ಮೂರು ವಾರ ಮೊದಲೇ ಉಳುಮೆ ಮಾಡಿ ಸೇರಿಸಿ.

ಹಳದಿ ಹಳೆ ಎಲೆಯ ತುದಿಯಿಂದ ಸಮನಾಗಿ ಬಂದಿದ್ದರೆ ಸಾರಜನಕದ ಕೊರತೆ. ಎಳೆ ಎಲೆಯ ಬುಡ ಬಿಳಿಚಿ, ಕೆಳ ಎಲೆಗಳಲ್ಲಿ ತುಕ್ಕಿನ ಚುಕ್ಕೆ ಇದ್ದರೆ ಸತುವಿನ ಕೊರತೆ ಇರಬಹುದು. ಅದಕ್ಕೆ ಯೂರಿಯಾ ಸುಮ್ನೆ ದಂಡ. ತರಳಬಾಳು ಕೃಷಿ ವಿಜ್ಞಾನ ಕೇಂದ್ರದವರಿಗೆ ಪೈರಿನ ಒಂದು ಬುಡ ಕಿತ್ತುಕೊಂಡು ಹೋಗಿ ತೋರಿಸಿ.

ತೊಳೆದ ಬೇರಿನ ಫೋಟೊ ಹಾಕಿ, ತಗ್ಗಿನದು ಒಂದು, ದಿಣ್ಣೆಯದು ಒಂದು. ನಾಲೆ ನೀರು ಮತ್ತೆ ಯಾವಾಗ ಬರುತ್ತದೆ ಅಂತಲೂ ತಿಳಿಸಿ.