ಪ್ರಶ್ನೆ ನಿಮ್ದು, ಉತ್ತರ ನಮ್ದು: ಈ ಸಲ ಪೂರ್ತಿ ಜೋನಾ ಲೋಮು

ಹೋದ ಸಂಚಿಕೇಲಿ ಒಬ್ರು "ಸತ್ತು ವರ್ಷಗಳಾದ್ರೂ ಜನ ಮರೀದೇ ಇರೋ ಆಟಗಾರ ಯಾರು, ಕ್ರಿಕೆಟ್‌ನವರನ್ನ ಬಿಟ್ಟು ಹೇಳಿ" ಅಂತ ಕೇಳಿದ್ರು. ನಾನು "ಜೋನಾ ಲೋಮು, ನ್ಯೂಜಿಲೆಂಡ್, ರಗ್ಬಿ" ಅಂತ ಒಂದೇ ಲೈನ್ ಬರೆದು ಕೈ ತೊಳ್ಕೊಂಡೆ. ತಪ್ಪು ನಂದೇ. ಅದಾದ್ಮೇಲೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅವನ ಮೇಲೇ, ಅದಕ್ಕೆ ಈ ಸಲ ಸಿನಿಮಾ, ರಾಜಕೀಯ, ಗಂಡ ಹೆಂಡ್ತಿ ಜಗಳ ಎಲ್ಲಾ ಮುಂದಿನ ವಾರಕ್ಕೆ ತಳ್ಳಿದೀನಿ.

ಯಾರ್ ಸಾರ್ ಈ ಲೋಮು? ಹೆಸರೇ ಕೇಳಿಲ್ಲ. ಕಬಡ್ಡಿ ಗೊತ್ತಿರೋನಿಗೆ ಅರ್ಥ ಆಗೋ ಹಂಗೆ ಹೇಳಿ.
*ಕಬಡ್ಡಿ ಹುಚ್ಚ, ತುಮಕೂರು*

ಕಬಡ್ಡೀಲಿ ರೈಡರ್ ಏಳು ಜನರ ಕೈ ತಪ್ಪಿಸ್ಕೊಂಡು ಗೆರೆ ಮುಟ್ಟಬೇಕಲ್ವಾ, ರಗ್ಬೀಲಿ ಹದಿನೈದು ಜನರನ್ನ ದಾಟಿ ಆ ಕಡೆ ಗೆರೆ ಆಚೆ ಬಾಲ್‌ನ ನೆಲಕ್ಕೆ ಒತ್ತಬೇಕು. ಅದಕ್ಕೆ ಟ್ರೈ ಅಂತಾರೆ, ಐದು ಪಾಯಿಂಟ್. ಬಾಲ್ ಹಿಡಿದೋನನ್ನ ತಬ್ಕೊಂಡು ಬೀಳಿಸೋದೇ ಟ್ಯಾಕಲ್. ಇದ್ರಲ್ಲಿ ಅಂಚಲ್ಲಿ ನಿಂತು ಓಡೋನು ವಿಂಗರ್, ಸಾಮಾನ್ಯವಾಗಿ ಸಣ್ಣಗೆ ಚುರುಕಾಗಿರೋ ಹುಡುಗ. ಲೋಮು ಬರೋವರೆಗೂ ಹಂಗೇ ಅಂದ್ಕೊಂಡಿದ್ರು. ಇವನು ಆರೂವರೆ ಅಡಿಗೆ ಒಂದಿಂಚು ಕಮ್ಮಿ, ತೂಕ 118 ಕೆಜಿ ಆಸುಪಾಸು, ಆದ್ರೂ ನೂರು ಮೀಟರ್ ಹನ್ನೊಂದು ಸೆಕೆಂಡ್ ಒಳಗೆ ಓಡ್ತಿದ್ದ. ಅಂದ್ರೆ ಲಾರಿ ಸೈಜು, ಬೈಕ್ ಸ್ಪೀಡು.

ಅಪ್ಪ ಅಮ್ಮ ಟೋಂಗಾ ದ್ವೀಪದವರು, ಹುಡುಗ ಬೆಳೆದಿದ್ದು ಆಕ್ಲೆಂಡಿನ ದಕ್ಷಿಣಕ್ಕಿರೋ ಮಾಂಗೆರೆಯಲ್ಲಿ, ದುಡಿಯೋ ಜನರ ಏರಿಯಾ, ಗ್ಯಾಂಗ್ ಗಲಾಟೆ ಬೇರೆ. 1994ರಲ್ಲಿ ಫ್ರಾನ್ಸ್ ವಿರುದ್ಧ ಮೊದಲ ಟೆಸ್ಟ್ (ರಗ್ಬೀಲಿ ದೇಶ ದೇಶಗಳ ನಡುವಿನ ಮ್ಯಾಚಿಗೆ ಟೆಸ್ಟ್ ಅಂತಾರೆ), ಆಗ ವಯಸ್ಸು 19 ವರ್ಷ 45 ದಿನ, ಆಲ್ ಬ್ಲ್ಯಾಕ್ಸ್ ಅಂದ್ರೆ ನ್ಯೂಜಿಲೆಂಡ್ ಟೀಮಿನ ಪರ ಟೆಸ್ಟ್ ಆಡಿದ ಅತಿ ಚಿಕ್ಕವನು. ಅಲ್ಲಿಂದ ಒಟ್ಟು 63 ಟೆಸ್ಟ್, 37 ಟ್ರೈ. 2015ರ ನವೆಂಬರ್ 18ಕ್ಕೆ ಆಕ್ಲೆಂಡಿನ ಮನೇಲಿ ಹೋಗ್ಬಿಟ್ಟ, ಆಗ ಬರೀ 40.

ನೀವು ಬರ್ದಿದ್ದು ಓದಿ ಯೂಟ್ಯೂಬ್‌ನಾಗ ನೋಡಿದ್ನಿರಿ. ನಮ್ಮ ಕಡೆ ಹೋರಿ ಹಬ್ಬದಾಗ ಕೊಬ್ಬರಿ ಹರಿಯಾಕ ಹೋದಾಂವ ಅಂಗಾತ ಬೀಳ್ತಾನಲ್ರೀ, ಹಂಗ ಒಬ್ಬಾಂವ ಬಿದ್ದಾನ. ಅಂವ ಯಾರು, ಆಮ್ಯಾಲ ಏನಾದ?
*ಹೋರಿ ಅಭಿಮಾನಿ, ಹಾವೇರಿ*

ಅವನು ಮೈಕ್ ಕ್ಯಾಟ್ ರೀ, ಇಂಗ್ಲೆಂಡ್ ಟೀಮಿನ ಕೊನೇ ಕಾವಲುಗಾರ. 1995ರ ಜೂನ್ 18, ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್, ವಿಶ್ವಕಪ್ ಸೆಮಿಫೈನಲ್. ಆಟ ಶುರುವಾಗಿ ಸ್ವಲ್ಪ ಹೊತ್ತು ಅಷ್ಟೇ, ಬಾಲ್ ಲೋಮು ತಲೆ ದಾಟಿ ಹಿಂದೆ ಹೋಯ್ತು, ತಿರುಗಿ ಎತ್ಕೊಂಡ, ಟೋನಿ ಅಂಡರ್‌ವುಡ್‌ನನ್ನ ಹೊರಗಡೆಯಿಂದ ದಾಟಿದ, ಕ್ಯಾಪ್ಟನ್ ವಿಲ್ ಕಾರ್ಲಿಂಗ್ ಹಿಂದಿಂದ ಬಂದು ಕಾಲಿಗೆ ಕೈ ತಾಗಿಸಿದ, ಲೋಮು ಮುಗ್ಗರಿಸ್ದ, ಇನ್ನೇನು ಬಿದ್ದ ಅನ್ಬೇಕು ಅಷ್ಟರಲ್ಲಿ ಎದುರಿಗೆ ಕ್ಯಾಟ್, ಪಕ್ಕಕ್ಕೆ ಹೋಗೋಕೆ ಬ್ಯಾಲೆನ್ಸೇ ಇಲ್ಲ, ಸೀದಾ ಅವನ ಮೇಲೇ ಹತ್ತಿ ಹೋಗಿ ಟ್ರೈ ಹಾಕ್ದ. ಆ ಮುಗ್ಗರಿಸಿದ್ದನ್ನ ಜನ ಗಮನಿಸೋದೇ ಇಲ್ಲ, ಇನ್ನೊಂದ್ಸಲ ನೋಡಿ. ಆವತ್ತು ನಾಲ್ಕು ಟ್ರೈ, ನ್ಯೂಜಿಲೆಂಡ್ 45, ಇಂಗ್ಲೆಂಡ್ 29.

ಕ್ಯಾಟ್ ಕಥೆ ಅಲ್ಲಿಗೇ ಮುಗೀಲಿಲ್ಲ, 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಟೀಮಲ್ಲಿ ಅವನೂ ಇದ್ದ. ಆದ್ರೂ ಏನ್ ಮಾಡೋದು, ಅವನ ಹೆಸರು ಹೇಳಿದ್ರೆ ಎಲ್ರಿಗೂ ಜ್ಞಾಪಕ ಬರೋದು ಆ ಅಂಗಾತ ಬಿದ್ದಿದ್ದೇ. ನಿಮ್ಮ ಕಡೆ ಹೆಸರಾದ ಹೋರಿ ಸತ್ರೆ ಬ್ಯಾನರ್ ಕಟ್ಟಿ, ಹಾರ ಹಾಕಿ, ಊರೆಲ್ಲಾ ಮೆರವಣಿಗೆ ಮಾಡಿ ಮಣ್ಣು ಮಾಡ್ತಾರಲ್ಲ, ಆಗ ಹೋರಿ ತುಳಿದೋರೂ ಬಂದು "ನನ್ನನ್ನೂ ಬೀಳ್ಸಿತ್ತು" ಅಂತ ಹೆಮ್ಮೇಲಿ ಹೇಳ್ಕೊಂಡು ಅಳೋದು ನೋಡಿರ್ತೀರಿ. ಲೋಮು ಹೋದಾಗಲೂ ಥೇಟ್ ಅದೇ ಆಯ್ತು, ಅವನ ಕೈಲಿ ಸೋತವರೇ ಸಾಲಾಗಿ ಬಂದು ಒಳ್ಳೇ ಮಾತಾಡಿದ್ರು, ಕ್ಯಾಟ್ ಕೂಡ.

ಲೋಮು ಅಂತಿಮ ನಮನದ ದಿನ ಸ್ಟೇಡಿಯಂನಲ್ಲಿ ಹುಡುಗರು ತೊಡೆ ತಟ್ಟಿ, ಕಣ್ಣು ಬಿಟ್ಟು, ನಾಲಿಗೆ ಚಾಚಿ ಕುಣಿಯುತ್ತಿದ್ದರು. ಇದೇನು ಸಂಸ್ಕಾರ? ನನಗಂತೂ ಸರಿ ಕಾಣಲಿಲ್ಲ.
*ನಿವೃತ್ತ ಶಿಕ್ಷಕರು, ಮೈಸೂರು*

ಮೇಷ್ಟ್ರೇ, ಅದು ಹಾಕಾ. ನ್ಯೂಜಿಲೆಂಡಿನ ಮೂಲನಿವಾಸಿ ಮಾವೋರಿ ಜನರದ್ದು. ಮ್ಯಾಚಿಗೆ ಮುಂಚೆ ಎದುರಾಳಿಯನ್ನ ಹೆದರಿಸೋಕೆ ಮಾಡೋ ಕುಣಿತ ಅಂತ ನಾವು ಟಿವೀಲಿ ನೋಡಿ ತಿಳ್ಕೊಂಡಿದೀವಿ, ಆದ್ರೆ ಅವರು ನೆಂಟರು ಬಂದಾಗ್ಲೂ ಮಾಡ್ತಾರೆ, ಮದುವೇಲೂ ಮಾಡ್ತಾರೆ, ದೊಡ್ಡವರನ್ನ ಕಳಿಸಿಕೊಡುವಾಗ್ಲೂ ಮಾಡ್ತಾರೆ. ಎಲ್ಲರಿಗೂ ಗೊತ್ತಿರೋ 'ಕಾ ಮಾತೆ' ಹಾಕಾ ಇದ್ಯಲ್ಲ, ಸುಮಾರು 1820ರಲ್ಲಿ ತೆ ರೌಪರಾಹಾ ಅನ್ನೋ ಮಾವೋರಿ ನಾಯಕ ಶತ್ರುಗಳಿಂದ ತಪ್ಪಿಸ್ಕೊಂಡು ಗುಂಡೀಲಿ ಅಡಗಿ ಕೂತು ಜೀವ ಉಳಿಸ್ಕೊಂಡಾಗ ಕಟ್ಟಿದ್ದು. ಅದರ ಮೊದಲ ಸಾಲಿನ ಅರ್ಥ ಸಾವೇ ಸಾವೇ, ಬದುಕೇ ಬದುಕೇ ಅಂತ. ಸಾವಿನ ಜಾಗದಲ್ಲಿ ಹೇಳೋಕೆ ಇದಕ್ಕಿಂತ ಹೊಂದೋ ಮಾತು ಬೇಕಾ?

2015ರ ನವೆಂಬರ್ 30ಕ್ಕೆ ಆಕ್ಲೆಂಡಿನ ಈಡನ್ ಪಾರ್ಕ್ ಮೈದಾನದಲ್ಲಿ ಸಾರ್ವಜನಿಕರಿಗೆ ಕೊನೇ ನಮಸ್ಕಾರಕ್ಕೆ ಅವಕಾಶ ಇಟ್ಟಿದ್ರು. ಅವನು ಓದಿದ ವೆಸ್ಲಿ ಕಾಲೇಜಿನ ಹುಡುಗರು ಹಾಕಾ ಮಾಡಿದ್ರು, ಹಳೇ ಆಲ್ ಬ್ಲ್ಯಾಕ್ಸ್ ಆಟಗಾರರೂ ಮಾಡಿದ್ರು. ಅವರಲ್ಲಿ ಕೆಲವರಿಗೆ ಹೊಟ್ಟೆ ಬಂದಿದೆ, ತಲೆ ಬೆಳ್ಳಗಾಗಿದೆ, ಗಂಟಲು ಕಟ್ಟಿದೆ, ಆದ್ರೂ ತೊಡೆ ತಟ್ಟೋದು ನಿಲ್ಲಿಸ್ಲಿಲ್ಲ. ನಮ್ಮ ಹಳ್ಳಿಗಳಲ್ಲೂ ವಯಸ್ಸಾದವರು ಹೋದ್ರೆ ತಮಟೆ ಬಡಿಸಿ ಕುಣಿದುಕೊಂಡೇ ಕರ್ಕೊಂಡ್ ಹೋಗ್ತಾರೆ, ನೀವು ಅದನ್ನ ತಪ್ಪು ಅಂದಿರೋದು ನಾನಂತೂ ಕೇಳಿಲ್ಲ.

ಅಪ್ಪು ಸಾರ್ ಹೋದಾಗ ನಾನು ಮೂರು ದಿನ ಊಟ ಮಾಡಿರ್ಲಿಲ್ಲ. ಯಾವತ್ತೂ ಮುಖಾಮುಖಿ ನೋಡಿರದ ಮನುಷ್ಯನಿಗೆ ಯಾಕ್ ಸಾರ್ ಹಿಂಗೆ ಅಳು ಬರುತ್ತೆ? ಲೋಮು ಅಭಿಮಾನಿಗಳೂ ಹಿಂಗೇನಾ?
*ಅಪ್ಪು ಅಭಿಮಾನಿ, ಹೊಸಪೇಟೆ*

ಹಿಂಗೇ ತಮ್ಮಾ. 2021ರ ಅಕ್ಟೋಬರ್ 29 ಯಾರಿಗೆ ಮರೆಯೋಕಾಗುತ್ತೆ, ಕಂಠೀರವ ಸ್ಟೇಡಿಯಂ ಮುಂದಿನ ಕ್ಯೂ ಇನ್ನೂ ಕಣ್ಮುಂದೆ ಇದೆ. ಇಬ್ರಿಗೂ ಕೊನೇ ದರ್ಶನ ಆಗಿದ್ದು ಸ್ಟೇಡಿಯಂನಲ್ಲೇ, ಒಬ್ರಿಗೆ 46, ಇನ್ನೊಬ್ಬನಿಗೆ 40, ಇಬ್ರದ್ದೂ ಹಿಂದಿನ ದಿನದವರೆಗೂ ಯಾರೂ ಎಣಿಸಿರದ ಸಾವು. ಲೋಮು 2015ರ ವಿಶ್ವಕಪ್ ಟೈಮಲ್ಲಿ ಬ್ರಿಟನ್ನಿಗೆ ಹೋಗಿ ಅಲ್ಲೆಲ್ಲಾ ಓಡಾಡಿ, ವಾಪಸ್ ಬರೋ ದಾರೀಲಿ ಹೆಂಡ್ತಿ ಮಕ್ಕಳ ಜೊತೆ ದುಬೈನಲ್ಲಿ ಇದ್ದು ಮನೆಗೆ ಬಂದಿದ್ದ, ಬಂದು ಒಂದು ದಿನಾನೂ ಪೂರ್ತಿ ಆಗಿರ್ಲಿಲ್ಲ. ನ್ಯೂಜಿಲೆಂಡ್ ವಿಶ್ವಕಪ್ ಗೆದ್ದು ಮೂರು ವಾರಾನೂ ಕಳೆದಿರ್ಲಿಲ್ಲ, ಜನ ಇನ್ನೂ ಆ ಖುಷೀಲೇ ಇದ್ರು.

ಯಾಕೆ ಅಳು ಬರುತ್ತೆ ಅಂತ ಕೇಳಿದ್ಯಲ್ಲ, ನನಗೆ ಅನ್ಸೋದು ಇಷ್ಟು. ಲೋಮು ಅಭಿಮಾನಿಗಳು ಅವನ ಬಗ್ಗೆ ಮಾತು ಶುರು ಮಾಡಿದ್ರೆ ಟ್ರೈ ಲೆಕ್ಕದಿಂದ ಶುರು ಮಾಡಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಧ್ಯಾಹ್ನದ ಮ್ಯಾಚ್ ಅಂದ್ರೆ ನ್ಯೂಜಿಲೆಂಡಲ್ಲಿ ನಡುರಾತ್ರಿ ದಾಟಿರುತ್ತೆ. "ಅಪ್ಪ ನನ್ನನ್ನ ಎಬ್ಬಿಸಿದ್ರು, ಸೋಫಾ ಮೇಲೆ ಕಂಬಳಿ ಹೊದ್ಕೊಂಡು ನೋಡಿದ್ವಿ, ಅಮ್ಮ ಬೈತಿದ್ರು" ಅಂತ ಶುರು ಮಾಡ್ತಾರೆ. ಆ ಅಪ್ಪ ಈಗ ಇರ್ತಾರೋ ಇಲ್ವೋ. ಲೋಮು ಹೋದ ಅಂದ್ರೆ ಆ ರಾತ್ರಿಯ ಒಬ್ಬ ಸಾಕ್ಷಿ ಹೋದಂಗೆ. ನಿನಗೂ ಮೊದಲ ಅಪ್ಪು ಸಿನಿಮಾ ಯಾರ ಜೊತೆ ನೋಡ್ದೆ ಅಂತ ನೆನಪಿರ್ಬೇಕಲ್ಲ?

ಊಟ ಮಾತ್ರ ಬಿಡಬೇಡ.

ನಮ್ಮ ಯಜಮಾನರಿಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ಆಟಗಾರನಿಗೂ ಕಿಡ್ನಿ ತೊಂದರೆ ಇತ್ತಂತೆ. ಅಂಥ ಮೈಕಟ್ಟಿನವನಿಗೂ ಹಿಂಗಾಗುತ್ತಾ?
*ಹೆಸರು ಬೇಡ, ಹುಬ್ಬಳ್ಳಿ*

ಆಗುತ್ತೆ ಅಕ್ಕಾ. ಅವನಿಗೆ ಇದ್ದಿದ್ದು ನೆಫ್ರಾಟಿಕ್ ಸಿಂಡ್ರೋಮ್, ಅಂದ್ರೆ ಕಿಡ್ನಿ ಒಳಗಿನ ಜರಡಿ ಕೆಟ್ಟು ರಕ್ತದಲ್ಲಿ ಉಳೀಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತೆ, ಕಾಲು ಮುಖ ಊದ್ಕೊಳುತ್ತೆ, ಸುಸ್ತು ಬಿಡಲ್ಲ. ಗೊತ್ತಾಗಿದ್ದು ಯಾವಾಗ ಅಂದ್ರೆ 1995ರ ಕೊನೇಲಿ, ಇಡೀ ಜಗತ್ತು ಅವನನ್ನ ನೋಡಿ ಬಾಯಿ ಬಿಟ್ಟ ವರ್ಷವೇ. ಹಂಗಾದ್ರೆ 1999ರ ವಿಶ್ವಕಪ್ಪಲ್ಲಿ ಎಂಟು ಟ್ರೈ ಹಾಕಿದ್ನಲ್ಲ, ಅದು ಕಾಯಿಲೆ ಮೈಯಲ್ಲಿ ಇಟ್ಕೊಂಡೇ. ಎರಡು ವಿಶ್ವಕಪ್ ಸೇರಿ 15 ಟ್ರೈ, ಇವತ್ತಿಗೂ ಅದನ್ನ ಮುಟ್ಟೋದೇ ದೊಡ್ಡ ವಿಷ್ಯ. ಕಿಡ್ನಿ ಸರಿಯಿದ್ದಿದ್ರೆ ಇನ್ನೇನ್ ಮಾಡ್ತಿದ್ನೋ ಅಂತ ಅಭಿಮಾನಿಗಳು ಈಗ್ಲೂ ಗಂಟೆಗಟ್ಲೆ ಮಾತಾಡ್ತಾರೆ.

2003ಕ್ಕೆ ಡಯಾಲಿಸಿಸ್ ಶುರು, ನರಗಳಿಗೆ ಪೆಟ್ಟು ಬಿದ್ದು ನಡೆಯೋದೂ ಕಷ್ಟ ಆಯ್ತು. 2004ರಲ್ಲಿ ವೆಲಿಂಗ್ಟನ್‌ನ ರೇಡಿಯೋ ನಿರೂಪಕ ಗ್ರ್ಯಾಂಟ್ ಕೆರೆಯಾಮಾ ತನ್ನ ಒಂದು ಕಿಡ್ನಿ ಕೊಟ್ಟ. ಅಣ್ಣ ತಮ್ಮ ಅಲ್ಲ, ಸ್ನೇಹಿತ ಅಷ್ಟೇ. ಅದಾದ್ಮೇಲೆ ಲೋಮು ಮತ್ತೆ ಮೈದಾನಕ್ಕಿಳಿದು ವೇಲ್ಸ್‌ನ ಕಾರ್ಡಿಫ್ ಕ್ಲಬ್ಬಿಗೆ ಆಡಿದ, ಹಳೇ ಓಟ ಬರ್ಲಿಲ್ಲ, ಆದ್ರೂ ಆಡಿದ. 2011ರಲ್ಲಿ ಆ ಕಿಡ್ನೀನೂ ಕೈಕೊಡ್ತು, ಅಲ್ಲಿಂದ ಕೊನೇವರೆಗೂ ಡಯಾಲಿಸಿಸ್ಸೇ.

ನಿಮಗೆ ಉಪಯೋಗಕ್ಕೆ ಬರೋ ಮಾತು ಹೇಳ್ತೀನಿ. ನಮ್ಮಲ್ಲಿ 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ಗಂಡ ಹೆಂಡ್ತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಸಂಬಂಧಿಕರು ಅಂತ ಲೆಕ್ಕ, ಅವರು ಕೊಡ್ಬಹುದು. ಕೆರೆಯಾಮಾ ತರ ಸ್ನೇಹಿತ ಕೊಡ್ತೀನಿ ಅಂದ್ರೆ ಸಮಿತಿ ಮುಂದೆ ಹೋಗಿ ದುಡ್ಡಿನ ವ್ಯವಹಾರ ಇಲ್ಲ ಅಂತ ತೋರಿಸಿ ಒಪ್ಪಿಗೆ ತಗೋಬೇಕು. ಮನೇಲಿ ಯಾರದ್ದೂ ಹೊಂದದಿದ್ರೆ ಮೃತರ ಅಂಗಾಂಗಕ್ಕೆ ರಾಜ್ಯದ ಜೀವಸಾರ್ಥಕತೆಯ ಪಟ್ಟೀಲಿ ಹೆಸರು ಬರೆಸಬೇಕು, ನಿಮ್ಮ ಕಿಡ್ನಿ ಡಾಕ್ಟ್ರನ್ನ ಕೇಳಿ, ಆಸ್ಪತ್ರೆ ಮೂಲಕವೇ ಆಗುತ್ತೆ. ಯಜಮಾನರು ನೀರು ಅಳತೆ ಮಾಡಿ ಕುಡಿಯೋದಕ್ಕೆ ಸಿಡಿಮಿಡಿ ಮಾಡಿದ್ರೆ ಲೋಮು ಕಥೆ ಹೇಳಿ, ಅವನಿಗೂ ಅದೇ ಪಥ್ಯ ಇತ್ತು.

ಇವನನ್ನ ಯಾರೂ ತಡೆದೇ ಇಲ್ವಾ? ಸ್ವಲ್ಪ ಜಾಸ್ತಿ ಹೊಗಳ್ತಿದೀರಿ ಅನ್ಸುತ್ತೆ.
*ಅನುಮಾನ ಪಿಶಾಚಿ, ಮಂಗಳೂರು*

ತಡೆದಿದಾರೆ ಮಾರಾಯ್ರೆ, ದಕ್ಷಿಣ ಆಫ್ರಿಕಾದವರು. ಅವರ ಮೇಲೆ ಲೋಮು ತನ್ನ ಇಡೀ ಟೆಸ್ಟ್ ಜೀವನದಲ್ಲಿ ಒಂದೇ ಒಂದು ಟ್ರೈ ಹಾಕಿಲ್ಲ. 1995ರ ಫೈನಲ್, ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್, ಮಂಡೇಲಾ ಹಸಿರು ಜೆರ್ಸಿ ಹಾಕ್ಕೊಂಡು ಬಂದಿದ್ದ ಮ್ಯಾಚು, ಹೆಚ್ಚುವರಿ ಸಮಯದಲ್ಲಿ ಅವರ ಯೋಲ್ ಸ್ಟ್ರಾನ್ಸ್‌ಕಿ ಒದ್ದ ಒಂದು ಡ್ರಾಪ್ ಗೋಲಿಂದ (ಬಾಲ್‌ನ ನೆಲಕ್ಕೆ ಬಿಟ್ಟು ಪುಟಿದಾಗ ಕಂಬಗಳ ನಡುವೆ ಒದೆಯೋದು) ನ್ಯೂಜಿಲೆಂಡ್‌ನವರು 15-12ಕ್ಕೆ ಸೋತ್ರು. ಲೋಮು ಬಾಲ್ ಹಿಡಿದಾಗೆಲ್ಲಾ ಮೂರು ನಾಲ್ಕು ಜನ ಒಟ್ಟಿಗೇ ಬಿದ್ದು ಅವನನ್ನ ಹಿಡಿದ್ರು.

ಇನ್ನೊಂದು ಮಾತು, ಬರೀವಾಗ ನನಗೇ ಒಂಥರಾ ಆಯ್ತು. ಆವತ್ತು ಆ ಟೀಮಲ್ಲಿದ್ದ ರೂಬೆನ್ ಕ್ರೂಗರ್ 2010ರಲ್ಲಿ ಹೋದ, ಯೋಸ್ಟ್ ಫಾನ್ ಡರ್ ವೆಸ್ಟ್‌ಹೈಜನ್ 2017ರಲ್ಲಿ ನರದ ಕಾಯಿಲೆಯಿಂದ ಹೋದ, ಲೋಮುಗೆ ಎದುರು ನಿಂತಿದ್ದ ಜೇಮ್ಸ್ ಸ್ಮಾಲ್, ಇನ್ನೊಂದು ಅಂಚಲ್ಲಿದ್ದ ಚೆಸ್ಟರ್ ವಿಲಿಯಮ್ಸ್ ಇಬ್ರೂ 2019ರಲ್ಲಿ, ಎರಡು ತಿಂಗಳ ಅಂತರದಲ್ಲಿ. ಯಾರಿಗೂ ಅರವತ್ತೂ ಆಗಿರ್ಲಿಲ್ಲ.

ಕೋಟಿಗಟ್ಲೆ ದುಡಿದಿರ್ಬೇಕಲ್ವಾ?
*ಲೆಕ್ಕಿಗ, ದಾವಣಗೆರೆ*

1995ರ ವಿಶ್ವಕಪ್ ಆಡುವಾಗ ಈ ರಗ್ಬೀಲಿ ಸಂಬಳ ಅನ್ನೋದೇ ಅಧಿಕೃತವಾಗಿ ಇರ್ಲಿಲ್ಲ. ಫೈನಲ್ ಹಿಂದುಮುಂದಲ್ಲೇ ಟಿವಿ ಹಕ್ಕಿಗೆ ಹತ್ತು ವರ್ಷಕ್ಕೆ ಸುಮಾರು 55 ಕೋಟಿ ಡಾಲರ್ ಒಪ್ಪಂದ ಆಯ್ತು, ಆಗಸ್ಟಲ್ಲಿ ಆಟ ವೃತ್ತಿಪರ ಆಯ್ತು. ಟಿವಿಯವರಿಗೆ ಆಸೆ ಹುಟ್ಟಿಸಿದ್ದು ಲೋಮು ಓಟ ಅಂತ ಬಹಳ ಜನ ಹೇಳ್ತಾರೆ, ನಾನೂ ಒಪ್ತೀನಿ. ಆದ್ರೆ ಅವನು ಹೋದಾಗ ಆಸ್ತಿ ಹೆಚ್ಚೇನೂ ಇರ್ಲಿಲ್ಲ, ಇಬ್ರು ಪುಟ್ಟ ಗಂಡುಮಕ್ಕಳಿಗೋಸ್ಕರ ಟ್ರಸ್ಟ್ ಮಾಡಿ ದುಡ್ಡು ಕೂಡಿಸ್ಬೇಕಾಯ್ತು.

ನಾನು ಆಕ್ಲೆಂಡಲ್ಲಿ ಐಟಿ ಕೆಲಸ. ಅವತ್ತು ಬೆಳಗ್ಗೆ ನಮ್ಮ ಆಫೀಸಿನ ಟೋಂಗಾ ಮೂಲದ ಸೆಕ್ಯುರಿಟಿಯವರು ಗೇಟ್ ಹತ್ರ ಅಳ್ತಾ ನಿಂತಿದ್ರು. ನಾನು ಬಂದು ಆರು ತಿಂಗಳಾಗಿತ್ತು ಅಷ್ಟೇ, ಲೋಮು ಯಾರಂತ ಗೊತ್ತಿಲ್ಲ, "ನಿಮ್ಮ ಸಂಬಂಧಿಕರಾ" ಅಂತ ಕೇಳ್ಬಿಟ್ಟೆ. ಅವರು "ಹೌದು" ಅಂದ್ರು. ಆಮೇಲೆ ಗೊತ್ತಾಗಿ ನಾಚಿಕೆ ಆಯ್ತು. ಇವತ್ತಿಗೂ ದಿನಾ ನಮಸ್ಕಾರ ಹೇಳ್ತೀನಿ, ಆ ವಿಷ್ಯ ಎತ್ತಿಲ್ಲ. ಏನ್ ಹೇಳ್ಬೇಕಿತ್ತು ನಾನು?
*ಕನ್ನಡಿಗ, ಆಕ್ಲೆಂಡ್*

ನೀವು ಕೇಳಿದ್ದೂ ಸರಿಯಾಗೇ ಇತ್ತು, ಅವರು ಹೇಳಿದ ಉತ್ತರಾನೂ ಸುಳ್ಳಲ್ಲ. ಈ ನವೆಂಬರ್ 18ಕ್ಕೆ ಎರಡು ಕಾಫಿ ತಗೊಂಡು ಗೇಟ್ ಹತ್ರ ಹೋಗಿ, "ಇಂಗ್ಲೆಂಡ್ ಮೇಲಿನ ಮ್ಯಾಚ್ ನೀವು ಎಲ್ಲಿ ನೋಡಿದ್ರಿ" ಅಂತ ಕೇಳಿ. ಅರ್ಧ ಗಂಟೆ ಮೀಟಿಂಗ್ ಏನಾದ್ರೂ ಇದ್ರೆ ಮುಂಚೆನೇ ಕ್ಯಾನ್ಸಲ್ ಮಾಡಿರಿ.