ತಂಗಡಿಗೆ ಉಪಚಾರ ಜಾಸ್ತಿ ಬೇಡ

ಪ್ರಶ್ನೆ: ಮೈಸೂರಿನ ವಿಜಯನಗರದಲ್ಲಿ ನಮ್ಮ ಮನೆ. ಗೇಟಿನ ಪಕ್ಕ ಆರಡಿ ಜಾಗ ಖಾಲಿ ಇದೆ, ಇಡೀ ದಿನ ಬಿಸಿಲು. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ, ದಿನಾ ನೀರು ಹಾಕುವುದಕ್ಕೆ ಆಗುವುದಿಲ್ಲ. ನಮ್ಮ ಕಡೆಯದೇ ಆದ, ಹೂ ಬಿಡುವ ಗಿಡ ಯಾವುದಾದರೂ ಇದೆಯಾ?

ಉತ್ತರ: ತಂಗಡಿ ಹಾಕಿ. ಆವರಿಕೆ ಅಂದರೆ ನಿಮ್ಮ ಮನೆಯ ಹಿರಿಯರಿಗೆ ಬೇಗ ಗುರುತು ಸಿಗಬಹುದು. ನಾಗಮಂಗಲ, ಮೇಲುಕೋಟೆ ಕಡೆ ಬೀಳು ಜಮೀನಿನಲ್ಲಿ ಮೈತುಂಬ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಯಾರೂ ನೆಟ್ಟಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ದನ, ಮೇಕೆ ಕೂಡ ಅದಕ್ಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಿಂದೆ ಚರ್ಮ ಹದ ಮಾಡುವವರಿಗೆ ಇದರ ತೊಗಟೆ ಬೇಕೇ ಬೇಕಿತ್ತು. ತೆಲಂಗಾಣದವರು ಬತುಕಮ್ಮ ಹಬ್ಬಕ್ಕೆ ಇದನ್ನು ಜೋಡಿಸುತ್ತಾರೆ, ರಾಜ್ಯದ ಹೂವನ್ನಾಗಿಯೂ ಮಾಡಿಕೊಂಡಿದ್ದಾರೆ. ನಾವು ಮಾತ್ರ ಸೈಟು ಕ್ಲೀನ್ ಮಾಡುವಾಗ ಮೊದಲು ಇದರ ಮೇಲೇ ಜೆಸಿಬಿ ಹಾಯಿಸುತ್ತೇವೆ!

ನರ್ಸರಿಗೆ ಹೋಗಿ ಸುಮ್ನೆ "ಹಳದಿ ಹೂವಿನ ಗಿಡ ಕೊಡಿ" ಅನ್ನಬೇಡಿ. ಗಂಟೆಯಂಥ ಹೂವಿನ ಟೆಕೋಮಾ ಕೊಟ್ಟು ಕಳಿಸಿಬಿಡುತ್ತಾರೆ, ಅದು ಅಮೆರಿಕದ ಕಡೆಯಿಂದ ಬಂದದ್ದು. ತಂಗಡಿಯ ಕುಲದ ಹೆಸರು ಸೆನ್ನಾ, ಆದರೆ ಬರೀ ಸೆನ್ನಾ ಅಂತ ಕೇಳಿದರೂ ಅಪಾಯ. ಬಂಡೀಪುರ, ನಾಗರಹೊಳೆಯಲ್ಲಿ ಹಬ್ಬಿ ಅರಣ್ಯ ಇಲಾಖೆಯವರಿಗೆ ತಲೆನೋವಾಗಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಹಳದಿ ಹೂವಿನದ್ದೇ, ಅದೂ ಹೊರಗಿನದ್ದೇ. ನಿಮಗೆ ಬೇಕಾದದ್ದು ಸೆನ್ನಾ ಆರಿಕುಲೇಟಾ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ನೋಡಿ. ಕಿವಿಯ ಆಕಾರದ ಅಗಲವಾದ ಪುಟ್ಟ ಎಲೆ ಅಂಟಿಕೊಂಡಿದ್ದರೆ ತಂಗಡಿಯೇ.

ನನ್ನ ಕೇಳಿದರೆ ಬೀಜವೇ ವಾಸಿ. ಕಾಯಿ ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಕಾಗದದ ಹಾಗೆ ಸದ್ದು ಮಾಡಿದಾಗ ಕಿತ್ತುಕೊಳ್ಳಿ. ಬೀಜದ ಸಿಪ್ಪೆ ಬಲು ಗಟ್ಟಿ. ಕುದಿಸಿ ಇಳಿಸಿದ ನೀರು ಸ್ವಲ್ಪ ಆರಿದ ಮೇಲೆ ಅದರಲ್ಲಿ ಹಾಕಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಊದಿಕೊಂಡ ಬೀಜಗಳನ್ನು ಆರಿಸಿ ಬಿತ್ತಿ. ಊದದೆ ಉಳಿದವನ್ನು ಎಸೆಯಬೇಡಿ, ಮತ್ತೊಮ್ಮೆ ಬಿಸಿನೀರು ತೋರಿಸಿ. ಜೂನ್ ಮಳೆಗೆ ನೇರವಾಗಿ ನೆಲಕ್ಕೇ ಹಾಕಿದರೆ ಒಳ್ಳೆಯದು. ತಾಯಿಬೇರು ಆಳಕ್ಕೆ ಇಳಿಯುವ ಗಿಡ ಇದು, ದೊಡ್ಡದಾದ ಮೇಲೆ ಕಿತ್ತು ಬೇರೆ ಕಡೆ ನೆಟ್ಟರೆ ಮುನಿಸಿಕೊಳ್ಳುತ್ತದೆ.

ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಸಾಕು. ಆಮೇಲೆ ನಿಮ್ಮ ಪಾಡಿಗೆ ನೀವು, ಅದರ ಪಾಡಿಗೆ ಅದು. ಯೂರಿಯಾ ಬೇಡವೇ ಬೇಡ, ಬರೀ ಸೊಪ್ಪು ಬೆಳೆಯುತ್ತದೆ. ಹೂ ಇಳಿದ ಮೇಲೆ ಮೂರನೇ ಒಂದು ಭಾಗ ಕತ್ತರಿಸಿದರೆ ಗೇಟಿಗೆ ಅಡ್ಡ ಬರದೆ ಪೊದೆಯಾಗಿ ನಿಲ್ಲುತ್ತದೆ.

ಪ್ರಶ್ನೆ: ಮಂಡ್ಯದ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನಲ್ಲಿ ನಮ್ಮ ಗದ್ದೆ. ಬದುವಿನ ಮೇಲೆ ತಂಗಡಿ ಹಾಕಿದೆ. ಎಲೆ ಹಳದಿಯಾಗಿ ಉದುರುತ್ತಿದೆ. ಯಾವ ಗೊಬ್ಬರ ಕೊಡಲಿ?

ಉತ್ತರ: ಯಾವುದೂ ಬೇಡ. ಭತ್ತಕ್ಕೆ ನೀರು ಕಟ್ಟಿದಾಗ ಬದುವಿನ ಒಳಗೂ ತೇವ ನಿಲ್ಲುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ನಿಮ್ಮ ಮನೆ ಹಿತ್ತಲಿನಲ್ಲಿ ದಿಬ್ಬದ ಜಾಗ ಇದ್ದರೆ ಹೊಸದಾಗಿ ಬೀಜ ಹಾಕಿ. ಬದುವಿಗೆ ಬೇರೆ ಏನಾದರೂ ನೋಡೋಣ.

ಪ್ರಶ್ನೆ: ತಂಗಡಿ ಎಲೆಯನ್ನು ಹಸಿರು ಹುಳಗಳು ತಿನ್ನುತ್ತಿವೆ. ಬೇವಿನೆಣ್ಣೆ ಹೊಡೆಯಬಹುದಾ?

ಉತ್ತರ: ಹೊಡೆಯಬೇಡಿ. ಹುಳದ ಮೈ ಉದ್ದಕ್ಕೂ ಪಕ್ಕದಲ್ಲಿ ತಿಳಿ ಗೆರೆ ಇದ್ದರೆ ಅದು ಹಳದಿ-ಹಸಿರು ಬಣ್ಣದ ವಲಸೆ ಚಿಟ್ಟೆಯ ಮರಿ ಇರಬಹುದು. ತಂಗಡಿ ಜಾತಿಯ ಎಲೆಯೇ ಅದರ ಊಟ. ತಿಂದಷ್ಟು ಮತ್ತೆ ಚಿಗುರುತ್ತದೆ. ಹೂವಿಗೆ ಬರುವ ಕರಿ ದುಂಬಿಗೂ ಸಿಂಪಡಣೆ ಒಳ್ಳೆಯದಲ್ಲ. ಈ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ತುದಿಯ ಸಣ್ಣ ತೂತಿನೊಳಗೆ. ದುಂಬಿ ಹೂವನ್ನು ಅಪ್ಪಿ ಹಿಡಿದು ಝುಂಯ್ ಅಂತ ನಡುಗಿಸಿ ಉದುರಿಸಿಕೊಳ್ಳುತ್ತದೆ. ಬೆಳಿಗ್ಗೆ ಗಿಡದ ಹತ್ತಿರ ನಿಂತರೆ ಆ ಸದ್ದು ನಿಮಗೂ ಕೇಳಿಸುತ್ತದೆ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಇದರ ಹೂವಿನ ಕಷಾಯ ಒಳ್ಳೆಯದಂತೆ, ಹೌದಾ?

ಉತ್ತರ: ನಾನು ಗಿಡದವಳು, ಡಾಕ್ಟರಲ್ಲ. ಅವರನ್ನೇ ಕೇಳಿ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ. ರಸ್ತೆ ಬದಿಯ ಧೂಳು ಹಿಡಿದ ಹೂ ಅಂತೂ ಯಾವುದಕ್ಕೂ ಕೀಳಬೇಡಿ.